ಎಂಟನೆಯ ಹೋಳಿಗೆ

ತೊಂದರೆ ಶುರುವಾದದ್ದು ಒಂದು ಖಾಲಿ ತಟ್ಟೆಯಿಂದ.

ಉಡುಪಿ ಕಡೆಯವರಿಗೆ ಎಲೆಯಲ್ಲಿ ಅಗುಳು ಬಿಟ್ಟು ಏಳುವುದೆಂದರೆ ಬಡಿಸಿದವರಿಗೆ ಮಾಡುವ ಅವಮಾನ. ಗದಗ ಕಡೆಯವರಿಗೆ ಉಣ್ಣುವವರ ತಟ್ಟೆ ಖಾಲಿ ಬಿಡುವುದೆಂದರೆ ತಮಗೆ ತಾವೇ ಮಾಡಿಕೊಳ್ಳುವ ಅವಮಾನ. ಎರಡೂ ಒಳ್ಳೆಯ ಪದ್ಧತಿಗಳೇ. ಅವರವರು ಅವರವರ ಊರಲ್ಲಿದ್ದರೆ ಯಾರ ಹೊಟ್ಟೆಗೂ ಏನೂ ಆಗುವುದಿಲ್ಲ. ಆದರೆ ೧೯೮೮ರ ಮಾರ್ಚ್ ತಿಂಗಳ ಒಂದು ಭಾನುವಾರ, ಠಾಣೆ ಶಹರದ ವಾಗ್ಳೆ ಎಸ್ಟೇಟಿನ ಹಿಂದಿದ್ದ ಚಾಳಿನ ಹತ್ತಡಿ ಖೋಲಿಯಲ್ಲಿ, ಫುಟ್‌ಬಾಲ್ ಫೈನಲಿಗೆ ಮೂರು ಗಂಟೆ ಮೊದಲು ಇವೆರಡೂ ಎದುರುಬದುರಾದವು.

ತಟ್ಟೆಯ ಮುಂದೆ ಕೂತಿದ್ದವನು ಲೀಲಾಧರ. ನಟ್ಟು-ಬೋಲ್ಟು ಮಾಡುವ ಕಾರ್ಖಾನೆಯ ಫುಟ್‌ಬಾಲ್ ತಂಡದ ಲೆಫ್ಟ್ ಬ್ಯಾಕ್. ಡೊಂಬಿವಲಿಯಲ್ಲಿ ಮೂವರು ಬ್ರಹ್ಮಚಾರಿಗಳ ಜತೆ ಖೋಲಿ ಮಾಡಿಕೊಂಡಿದ್ದ ಹುಡುಗ, ಉಡುಪಿಯ ಹತ್ತಿರದವನು, ಪಾಪದವನು. ಊಟಕ್ಕೆಂದು ಬಂದವನಲ್ಲ. ತಂಡದ ಜೆರ್ಸಿಗಳನ್ನು ಒಗೆದು ಮಡಿಸಿಡುವುದು ಆ ಖೋಲಿಯಲ್ಲಿದ್ದ ಗದಗ ಕಡೆಯ ಬಾಳಪ್ಪನ ಮನೆಯ ಕೆಲಸವಾಗಿತ್ತು. ಅಷ್ಟು ದೊಡ್ಡ ಚೀಲವನ್ನು ಬಾಳಪ್ಪಣ್ಣ ಒಬ್ಬನೇ ಮೈದಾನಕ್ಕೆ ಹೊರುವುದು ಬೇಡವೆಂದು ಕೈಜೋಡಿಸಲು ಬಂದಿದ್ದ. ಬಾಳಪ್ಪನ ಹೆಂಡತಿ ಕಲ್ಲವ್ವ ಅಂದು ಹೋಳಿಗೆ ಮಾಡಿದ್ದಳು. ಒಳ್ಳೆಯ ಕೆಲಸಕ್ಕೆ ಹೊರಟವರು ಬಾಯಿ ಸಿಹಿ ಮಾಡಿಕೊಂಡು ಹೋಗಬೇಕೆಂಬುದು ಅವಳ ಮತ.

ಮೊದಲನೆಯ ಹೋಳಿಗೆಯನ್ನು ಲೀಲಾಧರ ಹಸಿವಿಗೆ ತಿಂದ, ಎರಡನೆಯದನ್ನು ರುಚಿಗೆ ತಿಂದ. ಮೂರನೆಯದನ್ನು ಕಲ್ಲವ್ವ ಕೇಳದೆಯೇ ಹಾಕಿದಳು. ಹಾಕಿದ್ದನ್ನು ಬಿಡಬಾರದಲ್ಲ, ತಿಂದು ತಟ್ಟೆ ಒರೆಸಿಟ್ಟ. ತಟ್ಟೆ ಅಷ್ಟು ಸ್ವಚ್ಛವಾಗಿರುವುದನ್ನು ಕಂಡು ಕಲ್ಲವ್ವನ ಜೀವ ಚುರುಕ್ಕೆಂದಿತು. ಹುಡುಗ ಎಷ್ಟು ದಿನದಿಂದ ಹಸಿದಿದ್ದಾನೋ ಏನೋ ಎಂದು ನಾಲ್ಕನೆಯದನ್ನು ಹಾಕಿದಳು. ಅವನು ಬೇಡ ಅಂದ. ಅವಳ ಊರಲ್ಲಿ ಬೇಡ ಅನ್ನುವುದು ಬರೀ ಮರ್ಯಾದೆಯ ಮಾತು. ನಿಜವಾಗಿ ಬೇಡವಾದವರು ಎರಡೂ ಕೈಯಿಂದ ತಟ್ಟೆ ಮುಚ್ಚಿ, ಬಡಿಸುವವಳ ಜತೆ ಒಂದಿಷ್ಟು ಜಗಳ ಮಾಡಿ, ಕೊನೆಗೆ ಒಂದು ತುಂಡು ಬಿಟ್ಟು ಏಳುತ್ತಾರೆ. ಲೀಲಾಧರನಿಗೆ ಈ ಶಾಸ್ತ್ರ ಗೊತ್ತಿರಲಿಲ್ಲ. ಬೇಗ ತಿಂದು ಮುಗಿಸಿದರೆ ಬಿಡುಗಡೆಯಾದೀತೆಂದು ಐದನೆಯದನ್ನು ಎರಡೇ ತುತ್ತಿಗೆ ನುಂಗಿದ. ಕಲ್ಲವ್ವ ಆರನೆಯದನ್ನು ಹಾಕಿದಳು.

ಬಾಳಪ್ಪ ಬಾಗಿಲಲ್ಲಿ ಕೂತು ಚೆಂಡಿಗೆ ಗಾಳಿ ತುಂಬುತ್ತಿದ್ದ. ಹೆಂಡತಿಗೆ ಸಾಕು ಅನ್ನಬೇಕಾದವನು ಅವನೇ. ಅನ್ನಬೇಕೆಂದು ಬಾಯಿಯನ್ನೂ ತೆರೆದ. ಆಗ ಅವನ ತಲೆಯೊಳಗೆ ಒಂದು ಕೆಟ್ಟ ಯೋಚನೆ ಹೊಕ್ಕಿತು. ಅದೇನೆಂದು ಹೇಳುವ ಮೊದಲು ಅವನ ಕಷ್ಟ ಏನೆಂದು ಹೇಳಿಬಿಡಬೇಕು, ಇಲ್ಲವಾದರೆ ನೀವು ಅವನನ್ನು ಸುಮ್ಮನೆ ಬೈಯುತ್ತೀರಿ.

ಬಾಳಪ್ಪ ಆ ಕಾರ್ಖಾನೆಯ ಸ್ಟೋರಿನಲ್ಲಿ ಒಂಬತ್ತು ವರ್ಷದಿಂದ ಟೆಂಪರರಿ ಗುಮಾಸ್ತ. ಸತತ ಇನ್ನೂರ ನಲವತ್ತು ದಿನ ದುಡಿದವನನ್ನು ಕಾಯಿದೆ ಪ್ರಕಾರ ಸುಲಭಕ್ಕೆ ತೆಗೆದುಹಾಕುವಂತಿಲ್ಲ. ಹಾಗಾಗಿ ಇನ್ನೂರ ಮೂವತ್ತಾಗುತ್ತಲೇ ಅವನಿಗೆ 'ಬ್ರೇಕ್' ಬರುತ್ತಿತ್ತು. ಎಂಟು ದಿನ ಸಂಬಳವಿಲ್ಲದೆ ಮನೆಯಲ್ಲಿ ಕೂರಬೇಕು, ಒಂಬತ್ತನೆಯ ದಿನ ಹೊಸಬನ ಹಾಗೆ ಹೋಗಿ ಮತ್ತೆ ಸೇರಬೇಕು. ಹೀಗೆ ಅವನು ಅದೇ ಕುರ್ಚಿಗೆ ಹದಿನೈದು ಸಲ ಸೇರಿದ್ದ, ಹದಿನಾಲ್ಕು ಸಲ ಬಿಟ್ಟಿದ್ದ. ಬ್ರೇಕಿನ ದಿನಗಳಲ್ಲಿ ಚಾಳಿನವರಿಗೆ ತಿಳಿಯಬಾರದೆಂದು ಬೆಳಿಗ್ಗೆ ಡಬ್ಬಿ ಹಿಡಿದು ಹೊರಟು ಠಾಣೆಯ ಕೆರೆಯ ಕಟ್ಟೆಯ ಮೇಲೆ ಸಂಜೆಯವರೆಗೆ ಕೂತಿರುತ್ತಿದ್ದ. ಚಾಳಿನವರಿಗೆಲ್ಲ ತಿಳಿದಿತ್ತು. ಅವರು ಕೆರೆಯ ಕಡೆ ಹೋದಾಗ ಅವನನ್ನು ನೋಡದವರಂತೆ ದಾಟಿ ಹೋಗುತ್ತಿದ್ದರು, ಅದು ಅವನಿಗೆ ಇನ್ನೂ ಕಷ್ಟವಾಗುತ್ತಿತ್ತು.

ಇಂಥವನ ಮುಂದೆ ಕಾರ್ಖಾನೆಯ ದೊಡ್ಡ ಸಾಹೇಬರು ಒಂದು ಆಸೆ ಇಟ್ಟಿದ್ದರು. ಸಾಹೇಬರಿಗೆ ಫುಟ್‌ಬಾಲಿನ ಹುಚ್ಚು. ಠಾಣೆ ಕಡೆಯ ಕಾರ್ಖಾನೆಗಳೆಲ್ಲ ಸೇರಿ ನಡೆಸುತ್ತಿದ್ದ ಲೀಗಿನಲ್ಲಿ ತಮ್ಮ ತಂಡ ಏಳು ವರ್ಷದಿಂದ ಬಿ ಡಿವಿಷನ್ನಿನಲ್ಲೇ ಕೊಳೆಯುತ್ತಿದೆಯೆಂದು ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಈ ಸಲ ತಂಡ ಹೇಗೋ ಪ್ಲೇ-ಆಫ್ ಫೈನಲಿಗೆ ಬಂದಿತ್ತು. ಗೆದ್ದರೆ ಎ ಡಿವಿಷನ್. ಗೆದ್ದರೆ, ಆ ದಿನ ಆಡಿದವರಲ್ಲಿ ಟೆಂಪರರಿ ಎಷ್ಟು ಜನ ಇದ್ದಾರೋ ಅಷ್ಟೂ ಜನ ಪರ್ಮನೆಂಟ್ ಎಂದು ಸಾಹೇಬರು ನೋಟಿಸು ಹಾಕಿಸಿದ್ದರು. ತಂಡದ ಹನ್ನೊಂದೂ ಜನ ಟೆಂಪರರಿಗಳೇ. ಬಾಳಪ್ಪ ಹನ್ನೆರಡನೆಯವನು, ಅಂದರೆ ಚೀಲ ಹೊರುವವನು, ನಿಂಬೆಹಣ್ಣು ಹೆಚ್ಚುವವನು. ಚೀಲ ಹೊತ್ತವರೂ ಲೆಕ್ಕಕ್ಕುಂಟೇ ಎಂದು ಪರ್ಸೊನೆಲ್ ಆಫೀಸರ್ ಯಜ್ಞೇಶ್ವರ ರಾಯರನ್ನು ಅವನು ಮೂರು ಸಲ ಕೇಳಿದ್ದ. ರಾಯರು ಮೂರು ಸಲವೂ, ಆಡಿದವರಿಗೆ ಮಾತ್ರ, ಎಂದಿದ್ದರು.

ಈಗ ಗೊತ್ತಾಯಿತಲ್ಲ. ಆರನೆಯ ಹೋಳಿಗೆ ತಟ್ಟೆಗೆ ಬಿದ್ದಾಗ ಬಾಳಪ್ಪ ಸಾಕು ಅನ್ನಲಿಲ್ಲ. ಚೆಂಡಿಗೆ ಗಾಳಿ ಹೊಡೆಯುತ್ತಲೇ, ಮುಖ ಆಚೆ ತಿರುಗಿಸಿ, "ತುಪ್ಪ ಕಡಿಮಿ ಆತ ನೋಡು. ಇನ್ನೊಂದ ಚಮಚಾ ಹಾಕು," ಅಂದುಬಿಟ್ಟ.

ಎಂಟನೆಯದಕ್ಕೆ ಲೀಲಾಧರನ ಕಣ್ಣಲ್ಲಿ ನೀರು ಬಂತು. "ಅಕ್ಕಾ, ಇನ್ನು ನನ್ಗೆ ಕೂಡುದಿಲ್ಲ," ಎಂದು ಕೈಮುಗಿದ. ಕಲ್ಲವ್ವ ಅದನ್ನು ಕೃತಜ್ಞತೆಯೆಂದು ತಿಳಿದು ತಾನೂ ಕಣ್ಣೊರೆಸಿಕೊಂಡಳು. ಬಾಳಪ್ಪನಿಗೆ ನಾಚಿಕೆಯಾಯಿತು. ಆದರೂ ಮೈದಾನದವರೆಗೆ ಚೀಲವನ್ನು ತಾನೊಬ್ಬನೇ ಹೊತ್ತ, ಅಷ್ಟರಮಟ್ಟಿಗೆ ಪ್ರಾಯಶ್ಚಿತ್ತ ಎಂದುಕೊಂಡ.

ಮೈದಾನಕ್ಕೆ ಬರುವ ಹೊತ್ತಿಗೆ ಲೀಲಾಧರ ನಡುಬಗ್ಗಿಸಿ ನಡೆಯುತ್ತಿದ್ದ. ಮೂರು ಗಂಟೆಗೆ ನೀರಿನ ಡಬ್ಬ ಕೇಳಿದ. ಮೂರೂ ಕಾಲಿಗೆ ಮತ್ತೆ ಕೇಳಿದ. ಮೂರೂ ಇಪ್ಪತ್ತಕ್ಕೆ ಡಬ್ಬವನ್ನು ಹಿಂದಿರುಗಿಸುವುದನ್ನೇ ಬಿಟ್ಟ. ತಂಡದ ಕ್ಯಾಪ್ಟನ್ ಚೆನ್ನಯ, ಮಂಗಳೂರಿನ ಗಟ್ಟಿಮುಟ್ಟಾದ ಆಳು, ತಲೆ ಮೇಲೆ ಕೈ ಹೊತ್ತು ಕೂತ. ಲೀಗಿನಲ್ಲಿ ಹೆಸರು ಬರೆಸಿ ಫೋಟೋ ಅಂಟಿಸಿದ ಕಾರ್ಡು ಇದ್ದವರು ಮಾತ್ರ ಆಡಬಹುದಿತ್ತು. ಅಂಥ ಕಾರ್ಡಿನ ಆಟಗಾರರಲ್ಲಿ ಒಬ್ಬ ತಂಗಿಯ ಮದುವೆಗೆ ಕುಂದಾಪುರಕ್ಕೆ ಹೋಗಿದ್ದ, ಇನ್ನೊಬ್ಬ ಕಾಲು ಮುರಿದುಕೊಂಡಿದ್ದ. ಉಳಿದದ್ದು ಸರಿಯಾಗಿ ಹನ್ನೊಂದು ಜನ, ಈಗ ಹತ್ತು. ಎದುರಾಳಿಗಳೋ ಕಳಂಬೋಲಿಯ ಕಬ್ಬಿಣದ ಗೋದಾಮಿನವರು. ದಿನವಿಡೀ ಸರಳಿನ ಕಟ್ಟು ಎತ್ತಿ ಇಳಿಸುವ ಜನ. ಅವರಲ್ಲಿ ಇಬ್ಬರು ಗೋಲುಕಂಬವನ್ನು ನೆಟ್ಟಗಿದೆಯೋ ಇಲ್ಲವೋ ನೋಡೋಣವೆಂದು ಕಿತ್ತು ಮತ್ತೆ ನೆಡುತ್ತಿದ್ದರು.

ಚೆನ್ನಯನ ಕಣ್ಣು ಸುತ್ತಾಡಿ ಬಾಳಪ್ಪನ ಮೇಲೆ ನಿಂತಿತು.

"ಬಾಳಪ್ಪಣ್ಣ, ನೀನೇ ಇಳಿ ಮಾರಾಯ. ಲೀಲಾಧರನ ಕಾರ್ಡು ಉಂಟಲ್ಲ."

ಆ ಲೀಗಿನಲ್ಲಿ ಇದೇನೂ ಹೊಸತಲ್ಲ. ಒಬ್ಬನ ಕಾರ್ಡಿನ ಮೇಲೆ ಇನ್ನೊಬ್ಬ ಆಡುವುದು ಎಲ್ಲ ತಂಡದವರಿಗೂ ಗೊತ್ತಿದ್ದ ಹಳೆಯ ಉಪಾಯ. ಸಿಕ್ಕಿಬಿದ್ದರೆ ಮಾತ್ರ ಪಂದ್ಯ ರದ್ದು. ಲೀಲಾಧರನ ಕಾರ್ಡು ಇದಕ್ಕೆಂದೇ ಮಾಡಿದಂತಿತ್ತು. ಲೀಗಿನ ಮೊಹರು ಫೋಟೋದ ಮೇಲೆ ಬಿದ್ದು ಹಣೆ, ಕಣ್ಣು, ಮೂಗು ಮುಚ್ಚಿಹೋಗಿದ್ದವು. ನಿಚ್ಚಳವಾಗಿ ಉಳಿದದ್ದು ಮೂಗಿನ ಕೆಳಗಿನ ಬೋಳು ಜಾಗ ಒಂದೇ. ಬಾಳಪ್ಪನಿಗಾದರೋ ಆ ಜಾಗದಲ್ಲಿ ಹದಿನೆಂಟನೆಯ ವರ್ಷದಿಂದ ಸಾಕಿದ ಮೀಸೆ.

ಮೈದಾನದ ಅಂಚಿನ ಮರದಡಿಯ ಕ್ಷೌರಿಕ ಎರಡು ನಿಮಿಷದಲ್ಲಿ ಅದನ್ನು ತೆಗೆದ. ಕನ್ನಡಿ ನೋಡಿದ ಬಾಳಪ್ಪ ಬೋಳು ಜಾಗವನ್ನು ಎರಡು ಸಲ ಬೆರಳಿಂದ ಸವರಿಕೊಂಡ. ಆದರೆ ಪರ್ಮನೆಂಟ್ ಆಗುವ ಮನುಷ್ಯ ಒಂದು ಮೀಸೆಗೆ ಅಳಬಾರದು ಎಂದು ತನಗೆ ತಾನೇ ಹೇಳಿಕೊಂಡ. ದೊಡ್ಡ ಸಾಹೇಬರ ಕಣ್ಣೆದುರಿಗೆ ಆಡುತ್ತೇನೆ, ಇನ್ನೇನು ಬೇಕು, ಎಂದೂ ಹೇಳಿಕೊಂಡ.

ಅಷ್ಟರಲ್ಲಿ ಚಾಳಿಗೆ ಚಾಳೇ ಮೈದಾನಕ್ಕೆ ಬಂದಿತ್ತು. ಮುಂದೆ ವಿರುಪಾಕ್ಷಪ್ಪ. ಅವರು ರೈಲ್ವೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ಬೇರೆಯವರ ಮನೆಯ ಹಾಲು ಉಕ್ಕಿದರೂ ತಾವೇ ಹೋಗಿ ಒಲೆ ಆರಿಸುವವರು. ಬಾಳಪ್ಪನ ಮುಖ ನೋಡಿದ್ದೇ ಅವರು ಹೌಹಾರಿದರು. ತಂದೆ ಇರುವವರೆಗೆ ಯಾರೂ ಮೀಸೆ ತೆಗೆಯುವುದಿಲ್ಲವಲ್ಲ. ಕೈ ಹಿಡಿದು ಮೆಲ್ಲಗೆ ಕೇಳಿದರು: "ತಮ್ಮಾ, ಊರಿಂದ ತಾರ ಬಂತೇನು? ಯಾವಾಗ ತೀರಿಕೊಂಡ್ರು?"

ಅಪ್ಪ ಗದಗಿನಲ್ಲಿ ಗಟ್ಟಿಯಾಗಿದ್ದಾನೆಂದು ನಂಬಿಸಲು ಬಾಳಪ್ಪನಿಗೆ ಐದು ನಿಮಿಷ ಹಿಡಿಯಿತು. ಚೆನ್ನಯ ವಿಷಯ ತಿಳಿಸಿ, ಆಟ ಮುಗಿಯುವವರೆಗೆ ಯಾರೂ ಬಾಳಪ್ಪ ಅನ್ನಬಾರದು, ಲೀಲಾಧರ ಅನ್ನಬೇಕು, ತಪ್ಪಿದರೆ ಹನ್ನೊಂದು ಜನರ ಅನ್ನ ಹೋಗುತ್ತದೆ ಎಂದು ಕೈಮುಗಿದ. ವಿರುಪಾಕ್ಷಪ್ಪ ಆ ಜವಾಬ್ದಾರಿಯನ್ನು ಮೈಮೇಲೆ ಎಳೆದುಕೊಂಡು ಚಾಳಿನವರನ್ನು ಸಾಲಾಗಿ ಕೂರಿಸಿ, ಹೆಸರನ್ನು ಮೂರು ಸಲ ಹೇಳಿಸಿ ಅಭ್ಯಾಸ ಮಾಡಿಸಿದರು.

ಎಲ್ಲರಿಗಿಂತ ಹುರುಪಾದವಳು ಕಲ್ಲವ್ವ. ಮದುವೆಯಾಗಿ ಹನ್ನೊಂದು ವರ್ಷವಾಗಿದ್ದರೂ ಅವಳು ಗಂಡನ ಹೆಸರನ್ನು ಬಾಯಿಬಿಟ್ಟು ಕರೆದವಳಲ್ಲ. ಕರೆಯಬೇಕಾದರೆ ಬಳೆ ಸಪ್ಪಳ ಮಾಡುತ್ತಿದ್ದಳು, ಇಲ್ಲವೆ ಕೆಮ್ಮುತ್ತಿದ್ದಳು. ಈಗ ಗಂಡನಿಗೆ ಬೇರೆಯವರ ಹೆಸರು ಬಂದಿತ್ತು. ಬೇರೆಯವರ ಹೆಸರು ಕರೆಯಲಿಕ್ಕೆ ಯಾವ ಅಡ್ಡಿ? ಸೀಟಿ ಊದುವ ಮೊದಲೇ ಎದ್ದು ನಿಂತು, ಹನ್ನೊಂದು ವರ್ಷದ್ದನ್ನೆಲ್ಲ ಸೇರಿಸಿ, "ಏ ಲೀಲಾಧರಾ, ಓಡೋ!" ಎಂದು ಕೂಗಿದಳು. ಬಾಳಪ್ಪನಿಗೆ ಒಂದು ಕ್ಷಣ ತಾನು ಯಾರೆಂಬುದೇ ಮರೆತುಹೋಯಿತು.

ಅವನಿಗೆ ಆಟ ಬರುತ್ತಿರಲಿಲ್ಲ. ಚೆನ್ನಯ ಅದಕ್ಕೆ ಸುಲಭ ದಾರಿ ಹೇಳಿದ್ದ. "ಅಲ್ಲಿ ನೀರಿನ ಟಾಕಿ ಕಾಣ್ತದಲ್ಲ, ಅದರ ಎದುರು ನಿಲ್ಲು. ಅಲ್ಲಿಂದ ಕದಲ್ಬೇಡ. ಚೆಂಡು ಬಂದ್ರೆ ಒದ್ದುಬಿಡು." ಸ್ಟೋರಿನ ಮನುಷ್ಯನಿಗೆ ಇದಕ್ಕಿಂತ ಒಳ್ಳೆಯ ಸೂಚನೆ ಇಲ್ಲ. ಮೊದಲರ್ಧದಲ್ಲಿ ಬಾಳಪ್ಪ ಟಾಕಿಯ ಎದುರು ಕಪಾಟಿನ ಹಾಗೆ ನಿಂತ. ಕಳಂಬೋಲಿಯವರು ಓಡಿ ಬಂದು ಇವನು ಸರಿಯುತ್ತಾನೆಂದುಕೊಂಡು, ಇವನು ಸರಿಯದೆ, ಇವನಿಗೇ ಎಡವಿ ಬಿದ್ದರು. ಎರಡು ಸಲ ಅವನೂ ಬಿದ್ದ. ಬಿದ್ದವನು ಎದ್ದು ಟಾಕಿ ಎಲ್ಲಿದೆಯೆಂದು ನೋಡಿ ಮತ್ತೆ ಅಲ್ಲಿಗೇ ಹೋಗಿ ನಿಂತ. ಮಧ್ಯಂತರಕ್ಕೆ ಯಾರಿಗೂ ಗೋಲಿರಲಿಲ್ಲ. ಅವನೇ ನಿಂಬೆಹಣ್ಣು ಹೆಚ್ಚಿ ಎಲ್ಲರಿಗೂ ಹಂಚಿದ, ರೂಢಿ.

ಫುಟ್‌ಬಾಲಿನಲ್ಲಿ ಮಧ್ಯಂತರದ ಮೇಲೆ ಎರಡೂ ತಂಡಗಳು ದಿಕ್ಕು ಬದಲಾಯಿಸುತ್ತವೆ. ಇದನ್ನು ಬಾಳಪ್ಪನಿಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಏಳು ವರ್ಷ ಚೀಲ ಹೊತ್ತರೂ ಅವನು ಆಟದ ಹೊತ್ತಿನಲ್ಲೆಲ್ಲ ಚಪ್ಪಲಿ ಕಾಯುತ್ತ ಕೂತಿರುತ್ತಿದ್ದ. ಸೀಟಿ ಊದಿದಾಗ ಅವನು ನೇರವಾಗಿ ಹೋಗಿ ನೀರಿನ ಟಾಕಿಯ ಎದುರು ನಿಂತ. ಈಗ ಅದು ಕಳಂಬೋಲಿಯವರ ಗೋಲು.

ಚೆನ್ನಯ ಆ ತುದಿಯಿಂದ ಹಿಂದೆ ಬಾ ಎಂದು ಅರಚಿದ. ಬಾಳಪ್ಪ ಎರಡು ಹೆಜ್ಜೆ ಹಿಂದೆ ಸರಿದು ಗೋಲುಕೀಪರನ ಮೈಗೆ ಅಂಟಿಕೊಂಡ. ಕಳಂಬೋಲಿಯವರು ತಬ್ಬಿಬ್ಬಾದರು. ಎದುರಾಳಿಯ ಡಿಫೆಂಡರ್ ಒಬ್ಬ ತಮ್ಮ ಗೋಲಿನಲ್ಲಿ ಬಂದು ಕೈಕಟ್ಟಿ ನಿಂತಿದ್ದಾನೆಂದರೆ ಇದರಲ್ಲೇನೋ ದೊಡ್ಡ ಹೂಟ ಇರಬೇಕು. ತಮ್ಮ ಗಟ್ಟಿಯಾದ ಇಬ್ಬರನ್ನು ಹಿಂದಕ್ಕೆ ಕರೆಸಿ ಬಾಳಪ್ಪನ ಎರಡೂ ಮಗ್ಗುಲಿಗೆ ನಿಲ್ಲಿಸಿದರು. ಮುಂದೆ ಆಡಲು ಅವರಿಗೆ ಜನ ಕಡಿಮೆಯಾಯಿತು. ಚೆನ್ನಯ ಅದನ್ನು ನೋಡಿ ಅರಚುವುದನ್ನು ನಿಲ್ಲಿಸಿದ. ಚೆಂಡು ಬಾಳಪ್ಪನ ಕಡೆ ಬಂದಾಗಲೆಲ್ಲ ಲೈನ್ಸ್‌ಮನ್ ಆಫ್‌ಸೈಡ್ ಎಂದು ಬಾವುಟ ಎತ್ತಿದ. ಬಾಳಪ್ಪ ಅದು ತನಗೆ ಕೊಟ್ಟ ಮರ್ಯಾದೆಯೆಂದು ತಿಳಿದು ಪ್ರತಿಸಲ ಅವನ ಕಡೆ ತಲೆಬಾಗಿಸಿದ.

ಆಟ ಮುಗಿಯಲು ಎರಡು ನಿಮಿಷವಿದ್ದಾಗ ನಮ್ಮವರಿಗೆ ಒಂದು ಕಾರ್ನರ್ ಸಿಕ್ಕಿತು. ಕಾರ್ನರಿನಿಂದ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ. ಚೆಂಡು ಮೇಲೆ ಹಾರಿ ಗಾಳಿಯಲ್ಲಿ ತಿರುಗಿ ಬಂತು. ಕಬ್ಬಿಣದ ಇಬ್ಬರೂ ಹಾರಿದರು, ಕೀಪರೂ ಹಾರಿದ. ಹಾರದೆ ನಿಂತವನು ಬಾಳಪ್ಪ ಒಬ್ಬನೇ. ಮೂವರ ಕೈಕಾಲುಗಳ ನಡುವಿನಿಂದ ಜಾರಿ ಬಂದ ಚೆಂಡು ಅವನ ಮೂಗಿನ ಕೆಳಗೆ, ಹೊಸದಾಗಿ ಬೋಳಾದ ಜಾಗಕ್ಕೆ ಪಟ್ಟೆಂದು ಬಡಿದು ಗೋಲಿನೊಳಗೆ ಹೋಯಿತು.

ಆಮೇಲೆ ನಡೆದದ್ದನ್ನು ಬಾಳಪ್ಪ ನೆಲದ ಮೇಲೆ ಮಲಗಿಯೇ ಕೇಳಿಸಿಕೊಂಡ. ಇಡೀ ಚಾಳು "ಲೀಲಾಧರ, ಲೀಲಾಧರ" ಎಂದು ಕುಣಿಯುತ್ತಿತ್ತು. ವಿರುಪಾಕ್ಷಪ್ಪ ಮರಾಠಿ, ಗುಜರಾತಿ, ಮಲಯಾಳಿ ಎನ್ನದೆ ಸುತ್ತಲಿದ್ದವರಿಗೆಲ್ಲ ಆ ಹೆಸರು ಕಲಿಸಿಬಿಟ್ಟಿದ್ದರು. ಎಲ್ಲರ ದನಿಯ ಮೇಲೆ ಕಲ್ಲವ್ವನ ದನಿ. ಸೀಟಿ ಊದಿತು, ತಂಡ ಎ ಡಿವಿಷನ್ನಿಗೆ ಏರಿತು. ಹನ್ನೊಂದೂ ಜನ ಒಬ್ಬರನ್ನೊಬ್ಬರು ತಬ್ಬಿ ಅತ್ತರು. ಬಾಳಪ್ಪನೂ ಅತ್ತ. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವನು ಮುಂದಿನ ಬ್ರೇಕಿಗೆ ಎಷ್ಟು ದಿನ ಉಳಿಯಿತೆಂದು ಎಣಿಸುವುದನ್ನು ಮರೆತ.

ದೊಡ್ಡ ಸಾಹೇಬರು ಮೈದಾನದ ನಡುವಿಗೇ ಬಂದರು. ಒಂದು ಪಕ್ಕದಲ್ಲಿ ರೆಫರಿ, ಇನ್ನೊಂದು ಪಕ್ಕದಲ್ಲಿ ಯಜ್ಞೇಶ್ವರ ರಾಯರು. ನೇರ ಬಾಳಪ್ಪನ ಹತ್ತಿರ ಬಂದು, ಅವನ ಊದಿದ ತುಟಿ ನೋಡಿ, ಬೆನ್ನು ತಟ್ಟಿ, ಶಾಬಾಶ್ ಲೀಲಾಧರ್ ಎಂದರು. ಮಾತು ಅಂದರೆ ಮಾತು, ನಾಳೆಯೇ ಆರ್ಡರ್, ಎಂದರು. ರಾಯರು ರೆಫರಿಯ ಕೈಯಿಂದ ಹಾಳೆ ಇಸಿದುಕೊಂಡು ಪರ್ಮನೆಂಟ್ ಆಗುವವರ ಹೆಸರುಗಳನ್ನು ಗಟ್ಟಿಯಾಗಿ ಓದಿದರು. ಮೊದಲು ಚೆನ್ನಯ. ಮೂರನೆಯದು ಲೀಲಾಧರ. ಹನ್ನೊಂದು ಹೆಸರು ಮುಗಿದವು. ರಾಯರಿಗೆ ಬಾಳಪ್ಪನ ಮುಖ ಚೆನ್ನಾಗಿ ಗೊತ್ತಿತ್ತು, ಹದಿನಾಲ್ಕು ಸಲ ಬ್ರೇಕಿನ ಕಾಗದ ಕೊಟ್ಟವರು ಅವರೇ. ಓದುವಾಗ ಅವರು ಹಾಳೆಯಿಂದ ಕಣ್ಣೆತ್ತಲಿಲ್ಲ.

ಬಾಳಪ್ಪ, "ಸಾಹೇಬ್, ನಾನು..." ಎಂದು ಬಾಯಿ ತೆರೆದ. ರೆಫರಿ ಅವನ ಕಡೆ ತಿರುಗಿದ. ಹಿಂದೆ ಹತ್ತು ಜನ ಉಸಿರು ಹಿಡಿದು ನಿಂತಿದ್ದು ಅವನಿಗೆ ಬೆನ್ನಿಗೇ ತಿಳಿಯಿತು. ತಾನು ಬಾಳಪ್ಪ ಎಂದರೆ ಪಂದ್ಯ ರದ್ದು, ಡಿವಿಷನ್ ರದ್ದು, ಆ ಹತ್ತೂ ಜನರಿಗೆ ನಾಳೆಯಿಂದ ಮತ್ತೆ ಕೆರೆಯ ಕಟ್ಟೆ. ಅದರಲ್ಲಿ ಇಬ್ಬರಿಗೆ ಕೈಗೂಸುಗಳಿದ್ದವು. "ನಾನು ಭಾಳ ಖುಷಿ ಆಗೇನ್ರಿ," ಎಂದು ಮಾತು ಮುಗಿಸಿದ.

ಚೆನ್ನಯ ಅವನನ್ನು ಪಕ್ಕಕ್ಕೆಳೆದು ಭುಜ ಹಿಡಿದುಕೊಂಡ. ಎ ಡಿವಿಷನ್ನಿಗೆ ಹೊಸ ಕಾರ್ಡುಗಳು ಜೂನಿನಲ್ಲಿ ಆಗುತ್ತವೆ, ಮೊದಲನೆಯ ಹೆಸರು ನಿನ್ನದೇ, ಅಮ್ಮನಾಣೆ, ಎಂದ. ಬಾಳಪ್ಪ ಆಯ್ತು ಅಂದ. ಆಗಲಿ ಎಂಬ ಆಸೆಯೂ ಆಯಿತು ಅವನಿಗೆ.

ಸಾಹೇಬರು ಕಾರು ಹತ್ತಲು ಹೊರಟಾಗ, ಗೋಡೆಯ ಮರೆಯಿಂದ ಒಬ್ಬ ಮನುಷ್ಯ ತೂರಾಡುತ್ತ ಬಂದ. ಕೈಯಲ್ಲಿ ಡಬ್ಬ, ಮುಖ ಬಿಳಿಚಿ ಅಕ್ಕಿಹಿಟ್ಟಿನ ಹಾಗಾಗಿತ್ತು. ಅವನು ನಿಜವಾದ ಲೀಲಾಧರ. ಗೆದ್ದ ಸುದ್ದಿ ಕೇಳಿ ನಗಲು ನೋಡಿದ, ಆಗದೆ ಗೋಡೆ ಹಿಡಿದು ಕೂತ. ಈತ ಯಾರು ಎಂದು ಸಾಹೇಬರು ಕೇಳಿದರು. ರೆಫರಿ ಇನ್ನೂ ಅಲ್ಲೇ ಇದ್ದ. ಚೆನ್ನಯನ ಬಾಯಿಗೆ ತಟ್ಟನೆ ಬಂದದ್ದು ಒಂದೇ ಹೆಸರು.

"ಅವನು ಬಾಳಪ್ಪ ಸರ್. ನಮ್ಮ ಚೀಲ ಹೊರುವವ. ಹೊಟ್ಟೆ ಸರಿ ಇಲ್ಲ ಅವನಿಗೆ."

ಸಾಹೇಬರು ಮೃದು ಮನಸ್ಸಿನವರು. ಇಷ್ಟು ಕಾಯಿಲೆಯಲ್ಲೂ ತಂಡಕ್ಕಾಗಿ ಬಂದಿದ್ದಾನೆ, ನಿಷ್ಠೆ ಅಂದರೆ ಇದು, ಎಂದು ಕರಗಿಹೋದರು. ಇವನಿಗೆ ಎಂಟು ದಿನ ರಜೆ ಕೊಡಿ ಎಂದು ರಾಯರಿಗೆ ಹೇಳಿದರು. ರಾಯರು ಕನ್ನಡಕ ತೆಗೆದು ಒರೆಸಿಕೊಂಡರು. ಸ್ಟೋರಿನ ಬಾಳಪ್ಪ ಟೆಂಪರರಿ, ಟೆಂಪರರಿಗಳಿಗೆ ರಜೆ ಇಲ್ಲ, ಬ್ರೇಕ್ ಮಾತ್ರ ಇದೆ, ಅದಕ್ಕಿನ್ನೂ ಒಂದೂವರೆ ತಿಂಗಳಿದೆ ಎಂದು ಸಣ್ಣ ದನಿಯಲ್ಲಿ ಹೇಳಿದರು. ಹಾಗಾದರೆ ಅದನ್ನೇ ಕೊಡಿ, ಪಾಪ, ಒಂದೂವರೆ ತಿಂಗಳು ಯಾಕೆ ಕಾಯಬೇಕು, ನಾಳೆಯಿಂದಲೇ ಕೊಡಿ ಎಂದು ಸಾಹೇಬರು ಅಪ್ಪಣೆ ಮಾಡಿ ಕಾರು ಹತ್ತಿದರು.

ಕಾರು ಹೋಯಿತು. ಕಲ್ಲವ್ವ ಓಡಿ ಬಂದಳು. ಕೂಗಿ ಕೂಗಿ ಅವಳ ಗಂಟಲು ಒಡೆದಿತ್ತು. ಸಾಹೇಬರು ಏನಂದರು ಎಂದು ಕೇಳಿದಳು. ಬಾಳಪ್ಪ ಒಂದನ್ನೂ ಬಿಡದೆ ಹೇಳಿದ, ತುಪ್ಪದ ಮಾತನ್ನೂ ಹೇಳಿದ. ಕಲ್ಲವ್ವ ಸೆರಗಿನ ತುದಿಯಿಂದ ಅವನ ತುಟಿಯ ಮೇಲಿನ ರಕ್ತ ಒರೆಸಿದಳು.

"ಇರ್ಲಿ ಬಿಡ್ರಿ. ಒಂಬತ್ತ ವರ್ಷದಾಗ ಒಮ್ಮೆರ ದೊಡ್ಡ ಸಾಹೇಬರು ನಿಮ್ಮ ಹೆಸರ ಹಿಡದು ಕೇಳಿದ್ರೇನು? ಇವತ್ತ ಕೇಳ್ಯಾರ. ನಿಷ್ಠಾವಂತ ಅಂದಾರ. ಜೂನ್ ಅಂದ್ರ ಇನ್ನ ಮೂರ ತಿಂಗಳ."

ಬಾಳಪ್ಪ ಯೋಚಿಸಿ ನೋಡಿದ. ಅದೂ ಖರೆಯ ಮಾತೇ ಅನ್ನಿಸಿತು. ಲೀಲಾಧರನನ್ನು ಒಂದು ಕಡೆಯಿಂದ ಅವನು ಹಿಡಿದುಕೊಂಡ, ಇನ್ನೊಂದು ಕಡೆಯಿಂದ ಚೆನ್ನಯ ಹಿಡಿದುಕೊಂಡ, ಅವನನ್ನು ಡೊಂಬಿವಲಿಯ ರೈಲು ಹತ್ತಿಸಲು ಮೂವರೂ ಸ್ಟೇಷನ್ನಿನ ದಾರಿ ಹಿಡಿದರು.